ಬೂದನ ಮುಂದಿನ ಚಕ್ರ

ಆಗಸ್ಟ್ ೧೯

ಬೂದನ ಕೆಲಸ ಇವತ್ತು ಮುಗಿಯಿತು. ಎಂಜಿನ್ ಆಯಿಲ್ ಬದಲಾಯಿಸಿದ್ದಾಯಿತು. ಏರ್ ಫಿಲ್ಟರ್ ಬಿಚ್ಚಿದರೆ ಗೋಬಿ ಮರಳುಗಾಡಿನ ಮಣ್ಣು ಜರಡಿ ಹಿಡಿದ ಹಿಟ್ಟಿನಂತೆ ಕೂತಿತ್ತು. ಜುಲೈನಲ್ಲಿ ಹೋಗಿದ್ದ ಜರ್ಮನ್ನರು ಅರ್ಧ ಮರುಭೂಮಿಯನ್ನೇ ಹೊತ್ತು ತಂದಿದ್ದರು. ವಾಲ್ವಿನ ಸಂದು ಸರಿ ಇದೆ. ಚೈನು ಹೊಸದು. ಎರಡೂ ಚಕ್ರಕ್ಕೆ ಹೊಸ ಟ್ಯೂಬ್ ಹಾಕಿದೆ. ಹಳೆಯವು ತೇಪೆಯ ಮೇಲೆ ತೇಪೆ ಬಿದ್ದು ಭಿಕ್ಷುಕನ ಅಂಗಿಯಾಗಿದ್ದವು. ಮುಂದಿನ ಬ್ರೇಕಿನ ಇಕ್ಕಳದಂಥ ಕ್ಯಾಲಿಪರ್ ಎರಡನ್ನೂ ಬಿಚ್ಚಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಮತ್ತೆ ಕೂರಿಸಿ, ಬಿಗಿತ ಅಳೆಯುವ ಟಾರ್ಕ್ ಪಾನ ಟಕ್ ಅನ್ನುವವರೆಗೆ ಬೋಲ್ಟು ಬಿಗಿದೆ.

ನಮ್ಮ ಬೈಕು ಗಾಡಿಗಳಿಗೆ ಕುದುರೆ ಬಣ್ಣದ ಹೆಸರಿಟ್ಟವನು ನನ್ನ ಗಂಡ ಪುರೆವ್. ಬೂದ, ಕೆಂದ, ಕರಿಯ, ಹಣೆಬೊಟ್ಟಿನವ. ಅವನು ಹೋಗಿ ಎರಡು ಚಳಿಗಾಲ ಕಳೆದವು. ಈಗ ಈ ಅಂಗಳದಲ್ಲಿರುವುದು ನಾನು, ಅವನ ಪಾಲುದಾರನಾಗಿದ್ದ ಯೋಂದೋನ್, ಮತ್ತು ಗಾಡಿಗಳು. ನಾನು ಸರ್ವಿಸ್ ಮಾಡುತ್ತೇನೆ. ಅವನು ಪರದೇಶದವರನ್ನು ಕರೆದುಕೊಂಡು ನಾಡು ಸುತ್ತಿಸುತ್ತಾನೆ. ಪುರೆವ್‌ನನ್ನು ಮಣ್ಣು ಮಾಡಿ ಬರುವಾಗ ವ್ಯಾನಿನಲ್ಲಿ ನನ್ನ ಪಕ್ಕ ಕೂತು, "ಇನ್ನು ನಾನಿದೀನಿ ಅಕ್ಕ" ಅಂದಿದ್ದ. ಇದ್ದಾನೆ.

ಸಂಜೆ ಬಂದವನು ಬಾಗಿಲಿಗೆ ಒರಗಿ ನಿಂತ. "ಏನಕ್ಕ, ಮದುಮಗಳಿಗೆ ಸಿಂಗಾರ ಮಾಡ್ದಂಗೆ ಮಾಡ್ತಿದೀಯ. ನಾಡಿದ್ದು ಆ ಕೊರಿಯಾದೋರು ಕೆಸರಲ್ಲಿ ಹೊರಳಾಡಿಸ್ತಾರೆ."

"ಹೊರಳಾಡಿಸ್ಲಿ ಬಿಡು. ಕೆಸರಿಗೂ ಒಂದು ಮರ್ಯಾದೆ ಬೇಡ್ವಾ?"

ಅವನೇ ಬೂದನನ್ನು ಗುಡ್ಡದ ತುದಿಯ ಓವೋವರೆಗೆ ಓಡಿಸಿ, ಕಲ್ಲುರಾಶಿಗೆ ಸುತ್ತು ಬಂದು, "ಬೆಣ್ಣೆ ಅಕ್ಕ, ಬೆಣ್ಣೆ" ಅಂದ. ಪುರೆವ್ ಹೋದ ಮೇಲೆ ನಾನು ಯಾವ ಗಾಡಿಯನ್ನೂ ಹತ್ತಿಲ್ಲ. ಯೋಂದೋನ್ ಓಡಿಸಿ ನೋಡುತ್ತಾನಲ್ಲ, ಸಾಕು.

ಆಗಸ್ಟ್ ೨೧

ಹೊರಟರು. ನಾಲ್ವರು ಕೊರಿಯಾದವರು, ಯೋಂದೋನ್. ದಾರಿ ಸುಖವಾಗಲೆಂದು ಅವರ ಹಿಂದೆ ಹಾಲು ಚಿಮುಕಿಸಿದೆ. ಬೂದನನ್ನು ಹತ್ತಿದವರ ಹೆಸರು ಪ್ಯೊ. ಅರವತ್ತರ ಆಸುಪಾಸು. ಹತ್ತುವ ಮೊದಲು ಒಂದು ಸುತ್ತು ಬಂದು, ಚೈನಿಗೆ ಬೆರಳು ಸವರಿ, ನನ್ನ ಕಡೆ ತಿರುಗಿ ತಲೆ ಬಾಗಿಸಿದರು. ಅವರ ಭಾಷೆ ನನಗೆ ಬಾರದು. ಯೋಂದೋನ್‌ಗೆ ಬರುತ್ತದೆ, ಹರೆಯದಲ್ಲಿ ಅಲ್ಲಿ ದುಡಿದು ಬಂದವನು.

ಮಧ್ಯಾಹ್ನ ಯಾರೋ ಫೋನ್ ಮಾಡಿ ಸೆಪ್ಟೆಂಬರಿನಲ್ಲಿ ಗಾಡಿ ಸಿಗುತ್ತದೆಯೇ ಅಂದರು. ಯೋಂದೋನ್ ಬಂದ ಮೇಲೆ ಕೇಳಿ ಹೇಳುತ್ತೇನೆ ಅಂದೆ.

ಆಗಸ್ಟ್ ೨೬

ಯೋಂದೋನ್ ಫೋನ್ ಮಾಡಿದ. ತ್ಸೆತ್ಸೆರ್ಲೆಗ್ ಪಟ್ಟಣ ದಾಟಿ ಘಾಟಿ ಇಳಿಯುವಾಗ ಪ್ಯೊ ಬಿದ್ದಿದ್ದಾರೆ. ತೊಡೆಯ ಮೂಳೆ ಮುರಿದಿದೆ. ರಾಜಧಾನಿಗೆ ತರುತ್ತಿದ್ದಾರೆ.

"ಹೆಂಗೆ ಬಿದ್ರು?"

"ಅಕ್ಕ, ಮೊದ್ಲು ಕೂತ್ಕೊ." ಅವನ ಧ್ವನಿ ಸಣ್ಣಗಿತ್ತು. "ಮುಂದಿನ ಬಲಗಡೆ ಕ್ಯಾಲಿಪರ್ ಕಳಚಿ ಸ್ಪೋಕ್ ಕಡ್ಡಿಗೆ ಸಿಕ್ಕೊಂಡಿದೆ. ಚಕ್ರ ಗಕ್ಕನೆ ನಿಂತ್ಬಿಡ್ತು. ಬೋಲ್ಟು ಸಡಿಲ ಇತ್ತು ಅನ್ಸುತ್ತೆ."

ನಾನು ಕೇಳಿದೆ, "ದಾರೀಲಿ ಚಕ್ರ ಬಿಚ್ಚಿದ್ರಾ?"

"ಇಲ್ಲಕ್ಕ. ಯಾರೂ ಮುಟ್ಟಿಲ್ಲ."

ಯಾರೂ ಮುಟ್ಟಿಲ್ಲ ಅಂದರೆ ಕೊನೆಗೆ ಮುಟ್ಟಿದವಳು ನಾನು.

ಆಗಸ್ಟ್ ೨೭

ಪಾನ ಟಕ್ ಅಂದಿತೇ? ಎಡಗಡೆಯದು ಅಂದದ್ದು ಕಿವಿಯಲ್ಲಿದೆ. ಬಲಗಡೆಯದು?

ಆಗಸ್ಟ್ ೨೮

ಅಂಗಳದಲ್ಲಿ ಉಳಿದಿರುವ ಗಾಡಿಗಳ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿದು ನೋಡಿದೆ. ಒಂದೂ ಸಡಿಲವಿರಲಿಲ್ಲ. ಅದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇವೆಲ್ಲ ಸರಿಯಿದ್ದು ಅದೊಂದೇ ತಪ್ಪಿದ್ದರೆ, ಅವತ್ತು ನನ್ನ ತಲೆ ಎಲ್ಲಿತ್ತು? ಪುರೆವ್‌ನ ಯೋಚನೆಯಲ್ಲಿದ್ದೆನೇ? ನೆನಪು ಮಾಡಿಕೊಂಡಷ್ಟೂ ಆ ದಿನ ಕೈಯಿಂದ ಜಾರಿ ಹೋಗುತ್ತಿದೆ. ಪಕ್ಕದ ಮನೆಯ ದುಲ್ಮಾ ಹಿಟ್ಟು ನಾದಿ ತ್ಸುಯಿವನ್ ನೂಡಲ್ಸ್ ಮಾಡಿ ತಂದಿಟ್ಟು ಹೋದಳು. ತಣ್ಣಗಾಗಿದೆ.

ಆಗಸ್ಟ್ ೩೦

ಯೋಂದೋನ್ ಬಂದ. ಬಂದವನೇ ನನ್ನ ಹೆಗಲು ತಬ್ಬಿಕೊಂಡ. ಹೀಗಾಯಿತಲ್ಲ ಅಂತ ಅತ್ತೆ. "ಯಾರ್ ಕೈಲಾದ್ರೂ ಆಗುತ್ತೆ ಅಕ್ಕ. ಮನುಷ್ಯರು ತಾನೆ" ಅಂದ. ಪೊಲೀಸರು ಕೇಳಿದರಂತೆ. ಎಷ್ಟು ಕಡಿಮೆ ಹೇಳಬಹುದೋ ಅಷ್ಟೇ ಹೇಳಿದೆ ಅಂದ. ಅರ್ಖಂಗಾಯಿ ಪ್ರಾಂತ್ಯದ ಒಣಗಿಸಿದ ಮೊಸರಿನ ಗಟ್ಟಿ ಒಂದು ಚೀಲ ತಂದಿದ್ದ. ಇಂಥ ಹೊತ್ತಿನಲ್ಲೂ ನನ್ನನ್ನು ನೆನೆದು ತಂದಿದ್ದಾನೆ.

ಅವನಿಲ್ಲದಿದ್ದರೆ ಏನು ಮಾಡುತ್ತಿದ್ದೆನೋ.

ಸೆಪ್ಟೆಂಬರ್ ೨

ಆಸ್ಪತ್ರೆಗೆ ಹೋಗಿ ಬಂದೆವು. ನಾನೇ ಹಟ ಹಿಡಿದೆ. ಯೋಂದೋನ್ ಬೇಡವೆಂದೇ ಹೇಳಿದ. "ಅವ್ರಿಗೆ ಕೋಪ ಇದೆ ಅಕ್ಕ, ಈಗ ಬೇಡ." ಆದರೆ ತಪ್ಪು ಮಾಡಿದವಳು ಮುಖ ತೋರಿಸದಿದ್ದರೆ ಹೇಗೆ?

ಪ್ಯೊ ಅವರ ಕಾಲನ್ನು ಎತ್ತಿ ಕಟ್ಟಿದ್ದರು. ನಾನು ಎರಡೂ ಕೈಯಲ್ಲಿ ಗೌರವಕ್ಕೆ ಕೊಡುವ ನೀಲಿ ಖದಗ್ ವಸ್ತ್ರ ಹಿಡಿದು, ಹಾಲಿನ ಬಟ್ಟಲು ಕೊಟ್ಟು ತಲೆ ತಗ್ಗಿಸಿದೆ. "ಗಾಡಿ ಸರ್ವಿಸ್ ಮಾಡಿದೋಳು ನಾನು. ಬೋಲ್ಟು ಸಡಿಲ ಬಿಟ್ಟಿದ್ದು ನಾನು. ಕ್ಷಮೆ ಕೇಳೋ ಮುಖ ಇಲ್ಲ, ಆದ್ರೂ ಕೇಳ್ತೀನಿ" ಅಂದೆ. ಯೋಂದೋನ್ ಅವರ ಭಾಷೆಯಲ್ಲಿ ಹೇಳಿದ.

ಪ್ಯೊ ನನ್ನನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು. ಮಾತಾಡತೊಡಗಿದವರು ನಿಲ್ಲಿಸಲೇ ಇಲ್ಲ. ತಲೆ ಅಡ್ಡಡ್ಡ ಆಡಿಸಿದರು, ಕೈಯಲ್ಲಿ ಏನೋ ತಿರುಗಿಸಿದಂತೆ ಮಾಡಿದರು, ಧ್ವನಿ ಏರಿತು. ನನ್ನ ಕೈ ಹಿಡಿದವರು ಬಿಡಲಿಲ್ಲ.

"ಏನಂತೆ?" ಅಂದೆ.

"ಮುಂದೆ ಹುಷಾರಾಗಿರಿ ಅಂತಿದಾರೆ ಅಕ್ಕ. ಬಾ, ಅವ್ರಿಗೆ ಆಯಾಸ ಆಗಿದೆ."

ಅಷ್ಟು ಉದ್ದದ ಮಾತು ಇಷ್ಟೇ ಆಯಿತಲ್ಲ ಅನ್ನಿಸಿತು. ಅವರು ಬೈದದ್ದನ್ನು ನನಗೆ ಹೇಳದೆ ಯೋಂದೋನ್ ನುಂಗಿಕೊಂಡಿರಬೇಕು.

ಸೆಪ್ಟೆಂಬರ್ ೫

ತನಿಖೆಯ ಅಧಿಕಾರಿ ಕರೆಸಿದ್ದರು. ನನಗಿಂತ ಚಿಕ್ಕವಯಸ್ಸಿನ ಹೆಂಗಸು, ಮರ್ಯಾದೆಯಿಂದಲೇ ಮಾತಾಡಿದರು. ಅದೇ ಕಷ್ಟವಾಯಿತು.

"ಯಜಮಾನ್ರು ತೀರಿಕೊಂಡ್ಮೇಲೆ ನಿಮಗೆ ಕೆಲಸದಲ್ಲಿ ಮರೆವು ಜಾಸ್ತಿ ಆಗಿದೆಯಂತೆ ಅಕ್ಕ. ಪಾನ ಎಲ್ಲಿಟ್ಟೆ ಅಂತ ಹುಡುಕ್ತಾ ನೆಲದ ಮೇಲೆ ಕೂತು ಅಳ್ತೀರಂತೆ. ಹೌದಾ?"

ಹೌದು. ಒಮ್ಮೆ. ಪುರೆವ್ ಹೋದ ಮೊದಲ ವಸಂತದಲ್ಲಿ. ಅದು ಅವನು ಬಳಸುತ್ತಿದ್ದ ಪಾನ. ನಾನು ಕೆಲಸ ಮಾಡುವ ಕಂಟೇನರಿನ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಬಾಗಿಲು ತೆಗೆಸಿ ಒಳಗೆ ಬಂದು, ಪಾನ ಹುಡುಕಿ ಕೈಗಿಟ್ಟು, ಚಹಾ ಕಾಯಿಸಿ ಕೊಟ್ಟವನು ಯೋಂದೋನ್. ಬೇರೆ ಯಾರೂ ನೋಡಿಲ್ಲ.

"ಇರಬಹುದು" ಅಂದೆ. ಅವರು ಬರೆದುಕೊಂಡರು.

ನನ್ನ ಮೇಲೆ ಕನಿಕರ ಬರಲಿ ಅಂತ ಹೇಳಿರಬೇಕು. ಮತ್ತೇಕೆ ಹೇಳುತ್ತಾನೆ? ಆದರೂ ಇದನ್ನು ಬರೆಯುವಾಗ ಆ ಚಹಾದ ರುಚಿ ನೆನಪಾಗುತ್ತಿದೆ.

ಸೆಪ್ಟೆಂಬರ್ ೯

ಬೂದ ಲಾರಿಯಲ್ಲಿ ಬಂದ. ಪೊಲೀಸರು ಫೋಟೋ ತೆಗೆದು ಬಿಟ್ಟುಕೊಟ್ಟಿದ್ದಾರೆ. ಮುಂದಿನ ಕಡ್ಡಿಗಳು ಮುರಿದು, ಹ್ಯಾಂಡಲ್ ಸೊಟ್ಟಗಾಗಿ, ಕಾಲು ಮುರಿದ ಕುದುರೆಯ ಹಾಗೆ ಒರಗಿದ್ದಾನೆ. "ಅದನ್ನ ಮುಟ್ಬೇಡ, ಹಂಗೇ ಮಾರಿಬಿಡೋಣ" ಅಂದ ಯೋಂದೋನ್. ಸರಿ ಅಂದೆ.

ಸೆಪ್ಟೆಂಬರ್ ೧೨

ಮಾರುವುದಾದರೂ ಹಾಗೇ ಹೇಗೆ ಮಾರುವುದು? ಅವನು ಊರೊಳಗೆ ಹೋಗಿದ್ದ. ನಾನು ಮುಂದಿನ ಚಕ್ರ ಕಳಚಿದೆ. ಕಡ್ಡಿ ಹೊಸದು ಹಾಕಬೇಕಾದರೆ ಟಯರ್ ಬಿಚ್ಚಬೇಕು. ಬಿಚ್ಚಿ, ಟ್ಯೂಬ್ ಎಳೆದೆ.

ಟ್ಯೂಬಿಗೆ ತೇಪೆ ಇದೆ.

ಅಂಗೈಯಗಲದ ಕಪ್ಪು ತೇಪೆ, ಸುತ್ತ ಅಂಟು ಇನ್ನೂ ಹೊಳೆಯುತ್ತಿದೆ. ಆಗಸ್ಟಿನಲ್ಲಿ ನಾನು ಪೊಟ್ಟಣ ಒಡೆದು ಹಾಕಿದ ಹೊಸ ಟ್ಯೂಬ್. ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ದಾರಿಯಲ್ಲಿ ಪಂಕ್ಚರ್ ಆಗಿದೆ. ತೇಪೆ ಹಾಕಬೇಕಾದರೆ ಚಕ್ರ ಬಿಚ್ಚಬೇಕು. ಈ ಗಾಡಿಯಲ್ಲಿ ಮುಂದಿನ ಚಕ್ರ ಹೊರಗೆ ಬರಬೇಕಾದರೆ ಎರಡೂ ಕ್ಯಾಲಿಪರ್ ಕಳಚಲೇಬೇಕು. ಕಳಚಿದವರು ಮತ್ತೆ ಬಿಗಿಯಬೇಕು.

ಯಾರೂ ಮುಟ್ಟಿಲ್ಲ ಅಂದಿದ್ದ.

ಸೆಪ್ಟೆಂಬರ್ ೧೩

ಬಿದ್ದ ಮೇಲೆ ಯಾರಾದರೂ ತೇಪೆ ಹಾಕಿರಬಹುದೇ? ಕಡ್ಡಿ ಮುರಿದು ಅಲ್ಲಾಡದ ಚಕ್ರಕ್ಕೆ ಯಾವ ಹುಚ್ಚ ತೇಪೆ ಹಾಕುತ್ತಾನೆ? ಯೋಂದೋನ್‌ಗೆ ತಿಳಿಯದೆ ಪ್ಯೊ ಅವರೇ ಬಿಚ್ಚಿದ್ದರೇ? ಅವನಿಗಾಗಿ ಒಂದೊಂದೇ ನೆಪ ಹುಡುಕುತ್ತಿದ್ದೇನೆ. ಒಂದೂ ನಿಲ್ಲುತ್ತಿಲ್ಲ.

ಬೆಳಗ್ಗೆ ಬಂದು "ಚಹಾ ಇದೆಯಾ ಅಕ್ಕ?" ಅಂದ. ಉಪ್ಪು ಹಾಕಿದ ಹಾಲಿನ ಚಹಾ ಬಗ್ಗಿಸಿ ಕೊಟ್ಟೆ. ಎರಡು ಬಟ್ಟಲು ಕುಡಿದ. ಉಪ್ಪು ಕಮ್ಮಿ ಅಂದ.

ಸೆಪ್ಟೆಂಬರ್ ೧೪

ದುಲ್ಮಾಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಅವಳು ಕೊರಿಯಾದ ಲಾಂಡ್ರಿಯೊಂದರಲ್ಲಿ ವರ್ಷಗಟ್ಟಲೆ ದುಡಿದವಳು. "ನಂಗೆ ಬರೋದು ಬಟ್ಟೆ ಒಗೆಯೋ ಕೊರಿಯನ್ನು, ಆಸ್ಪತ್ರೆ ಕೊರಿಯನ್ ಅಲ್ಲ, ತಿಳ್ಕೊ" ಅಂತ ದಾರಿಯುದ್ದಕ್ಕೂ ನಗಿಸಲು ನೋಡಿದಳು.

ಪ್ಯೊ ನನ್ನನ್ನು ಕಂಡು ಎದ್ದು ಕೂರಲು ಹೋದರು. ನಾನು ಒಂದೇ ಮಾತು ಕೇಳಿದೆ: ಅವತ್ತು ನೀವು ಏನು ಹೇಳಿದಿರಿ?

ಅವರು ಹೇಳುತ್ತಾ ಹೋದರು. ದುಲ್ಮಾಳ ಮುಖದ ನಗು ಇಳಿಯುತ್ತಾ ಹೋಯಿತು.

"ಹೇಳು" ಅಂದೆ.

"ಅವ್ರು ಅಂತಿದಾರೆ, ನೀವ್ಯಾಕೆ ಕ್ಷಮೆ ಕೇಳ್ತೀರಿ ಅಂತ. ಚಕ್ರ ಬಿಚ್ಚಿ ಹಾಕಿದ್ದು ನಿಮ್ ಪಕ್ಕದಲ್ಲಿ ನಿಂತಿದ್ನಲ್ಲ, ಅವನು. ಹೊಳೆ ಹತ್ರ ಪಂಕ್ಚರ್ ಆಯ್ತು, ಮೋಡ ಕವಿದಿತ್ತು, ಬೇಗ ಬೇಗ ಅಂತ ಚಿಕ್ಕ ಪಾನದಲ್ಲಿ ಕೈಯಳತೆಗೆ ಬಿಗಿದ. ಇದನ್ನ ಪೊಲೀಸ್ರಿಗೂ ಹೇಳಿದೆ, ಅವತ್ತು ನಿಮಗೂ ಹೇಳಿದೆ, ಅಂತಿದಾರೆ." ದುಲ್ಮಾ ನನ್ನ ಕಡೆ ತಿರುಗಿದಳು. "ಪೊಲೀಸ್ರ ಹತ್ರ ಇವ್ರ ಮಾತು ನಮ್ ಭಾಷೆಗೆ ತಿರುಗಿಸಿ ಹೇಳ್ದೋನೂ ಅವನೇನಾ?"

ಅವನೇ.

ನನ್ನ ಕ್ಷಮಾಪಣೆಯನ್ನು ಅವನ ಬಾಯಿಂದಲೇ ಹೇಳಿಸಿಕೊಂಡಿದ್ದೇನೆ. ನಾನು ತಲೆ ತಗ್ಗಿಸಿ ನಿಂತಿರುವಾಗ ಪಕ್ಕದಲ್ಲಿ ನಿಂತು, ಒಂದೊಂದೇ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳಿದ. ಅವರು ನಿಜ ಹೇಳಿದಾಗ ಅದನ್ನು ನನ್ನ ಮುಂದೆಯೇ ನುಂಗಿದ. ಬೈಗುಳವನ್ನು ನುಂಗಿಕೊಂಡ ಅಂದುಕೊಂಡಿದ್ದೆ ನಾನು.

ಹೊರಗೆ ಬಂದ ಮೇಲೆ ದುಲ್ಮಾ, "ಅವನ ಹೊಟ್ಟೆ ಕೊಳೆತು ಹೋಗ" ಅಂದಳು. ನನಗೆ ಶಪಿಸುವುದಕ್ಕೂ ಆಗಲಿಲ್ಲ. ಹನ್ನೆರಡು ವರ್ಷ ಒಂದೇ ಪಾತ್ರೆಯಲ್ಲಿ ಉಂಡವನನ್ನು ಯಾವ ಮಾತಿನಲ್ಲಿ ಶಪಿಸುವುದು?

ಸೆಪ್ಟೆಂಬರ್ ೧೫

ಕೇಳಿದೆ.

ಅವನು ಕರಿಯನ ಚೈನಿಗೆ ಎಣ್ಣೆ ಹಾಕುತ್ತಿದ್ದ. "ಬೂದನ ಟಯರ್ ಬಿಚ್ಚಿದೆ" ಅಂದೆ.

ತಲೆ ಎತ್ತಲಿಲ್ಲ. "ಅದನ್ಯಾಕೆ ಬಿಚ್ಚೋಕೆ ಹೋದೆ?"

"ಬಿಚ್ಚೋದೇ ನನ್ ಕೆಲ್ಸ. ಪ್ಯೊ ಅವರ್ನೂ ನೋಡಿ ಬಂದೆ. ದುಲ್ಮಾ ಬಂದಿದ್ಲು."

ಎಣ್ಣೆಯ ಡಬ್ಬಿ ಕೆಳಗಿಟ್ಟ. ಸುಳ್ಳು ಹೇಳಬಹುದು ಅಂದುಕೊಂಡಿದ್ದೆ. ಹೇಳಲಿಲ್ಲ. "ಮಳೆ ಬರ್ತಿತ್ತು ಅಕ್ಕ. ಹೊಳೆ ತುಂಬೋಕೆ ಮುಂಚೆ ದಾಟ್ಬೇಕಿತ್ತು. ಆಚೆ ದಡದಲ್ಲಿ ನಿಲ್ಸಿ ಸರಿಯಾಗಿ ಬಿಗಿಯೋಣ ಅಂದ್ಕೊಂಡೆ. ಮರೆತೋಯ್ತು."

"ಮರೆತಿದ್ದಕ್ಕೆ ನಾನೇನೂ ಕೇಳ್ತಿಲ್ಲ."

"ನಂದು ತಪ್ಪು ಅಂತಾದ್ರೆ ಗೈಡ್ ಪರವಾನಗಿ ಹೋಗುತ್ತೆ. ನಾನೇ ಇಲ್ಲ ಅಂದ್ರೆ ಇಲ್ಲಿಗೆ ಯಾರ್ ಬರ್ತಾರೆ? ನಿಂದು ಅಂತಾದ್ರೆ ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ. ಗಂಡ ಸತ್ತ ಹೆಂಗಸು, ಪಾಪ ಅಂತಾರೆ. ಇಬ್ರಿಗೂ ಒಳ್ಳೇದು ಅಂತಾನೇ ಮಾಡಿದ್ದು."

"ಪಾನ ಹುಡುಕ್ಕೊಂಡು ಅತ್ತಿದ್ದನ್ನೂ ಒಳ್ಳೇದಕ್ಕೇ ಹೇಳಿದ್ಯಾ?"

ಅವನು ಚಿಂದಿಯಲ್ಲಿ ಬೆರಳು ಒರೆಸಿಕೊಂಡ.

"ಯೋಂದೋನ್, ನನ್ನನ್ನೇ ಕೇಳ್ಬಹುದಿತ್ತು. 'ಅಕ್ಕ, ಇದನ್ನ ನಿನ್ ತಲೆ ಮೇಲೆ ಹಾಕೋ' ಅಂದಿದ್ರೆ ಹಾಕ್ಕೋತಿದ್ದೆ."

ಆಗ ಅವನು ನನ್ನನ್ನು ನೋಡಿದ. "ಒಲ್ಲೆ ಅಂದಿದ್ರೆ?"

ಅಷ್ಟೇ ಸಾಕಾಯಿತು. ಇಷ್ಟು ವರ್ಷದಲ್ಲಿ ನಾನು ಯಾವತ್ತು ಅವನಿಗೆ ಒಲ್ಲೆ ಅಂದಿದ್ದೆ? ಅದು ಅವನಿಗೂ ಗೊತ್ತು. ಗೊತ್ತಿದ್ದೂ ಕೇಳುವ ಗೋಜಿಗೆ ಹೋಗಲಿಲ್ಲ. ಬೋಲ್ಟು ನನ್ನ ಕೈಯಿಂದಲೇ ಸಡಿಲ ಉಳಿಯಿತು ಅಂದ. ನನ್ನ ತಲೆಯನ್ನೂ ಸಡಿಲ ಅಂದ. ಆಮೇಲೆ ಮೊಸರಿನ ಗಟ್ಟಿ ತಂದುಕೊಟ್ಟ. ಆ ಚೀಲ ಇನ್ನೂ ಕಪಾಟಿನಲ್ಲಿದೆ. ನಾಯಿಗೂ ಹಾಕಲು ಮನಸ್ಸಾಗುತ್ತಿಲ್ಲ.

ಸೆಪ್ಟೆಂಬರ್ ೧೮

ಅಧಿಕಾರಿಯ ಬಳಿಗೆ ನಾನೇ ಹೋದೆ. ಟ್ಯೂಬ್ ಮೇಜಿನ ಮೇಲಿಟ್ಟೆ. ಅವರು ಬೇರೆ ದುಭಾಷಿಯನ್ನು ಆಸ್ಪತ್ರೆಗೆ ಕಳಿಸುತ್ತೇನೆ ಅಂದರು. ಎದ್ದು ಬರುವಾಗ, "ಹೋದ ಸಲ ನೀವೇ ಇರಬಹುದು ಅಂದಿದ್ರಲ್ಲ ಅಕ್ಕ" ಅಂದರು.

"ಅಳ್ತೀನಿ ಅನ್ನೋದು ನಿಜ. ಅಳೋಳಿಗೆ ಬೋಲ್ಟು ಬಿಗಿಯೋಕೆ ಬರಲ್ಲ ಅನ್ನೋದು ನಿಜ ಅಲ್ಲ. ಅದನ್ನೂ ಬರ್ಕೊಳ್ಳಿ."

ಬರೆದುಕೊಂಡರು. ದಾರಿಯಲ್ಲಿ ಹಸಿವಾಯಿತು, ಮಾಂಸ ತುಂಬಿ ಕರಿದ ಖುಷೂರ್ ಕೊಂಡು ರಸ್ತೆ ಬದಿಯಲ್ಲೇ ನಿಂತು ತಿಂದೆ.

ಸೆಪ್ಟೆಂಬರ್ ೨೮

ಬೂದನಿಗೆ ಹೊಸ ಕಡ್ಡಿ ಕಟ್ಟಿ ಚಕ್ರದ ಓರೆ ತೆಗೆದೆ. ಫೋರ್ಕಿನ ಒಂದು ಕಾಲು ಬಗ್ಗಿತ್ತು. ಹಳೆಯ ಗಾಡಿಯದು ತಂದು ಹಾಕಿದೆ, ಎಣ್ಣೆ ತುಂಬಿದೆ. ಓಡಿಸಿ ನೋಡಬೇಕಿತ್ತು. ಯಾರೂ ಇರಲಿಲ್ಲ. ಹತ್ತಿದೆ. ಗುಡ್ಡದವರೆಗೆ ಹೋದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಒಂದು ಸಣ್ಣ ಕಿರ್ ಸದ್ದು. ಪ್ಯಾಡ್ ಇನ್ನೂ ಪಳಗಬೇಕು. ಗಾಳಿ ಜೋರಾಗಿತ್ತು, ಕೈಗವಸು ಮರೆತಿದ್ದೆ, ಬೆರಳು ಮರಗಟ್ಟಿದವು. ನಾಳೆ ಹಿಂದಿನ ಬೇರಿಂಗ್ ನೋಡಬೇಕು.

ಮುಂದಿನ ಜೂನಿಗೆ ಐದು ಗಾಡಿ ಬೇಕು ಅಂತ ಫೋನ್ ಬಂತು. ಬನ್ನಿ ಅಂದೆ. ಗೈಡ್ ಯಾರು ಅಂದರು. ಆಗ ನೋಡೋಣ ಅಂದೆ. ದುಲ್ಮಾಳಿಗೆ ಹೇಳಿದರೆ, "ನೀನೇ ಹೋಗು, ಇನ್ಯಾರು?" ಅಂತ ನಕ್ಕಳು. ತಮಾಷೆ ಮಾಡುತ್ತಾಳೆ.

ಅಕ್ಟೋಬರ್ ೪

ಪ್ಯೊ ಊರಿಗೆ ಹೊರಟರು, ಊರುಗೋಲಿನ ಮೇಲೆ. ವಿಮಾನ ನಿಲ್ದಾಣದಲ್ಲಿ ಕೇಳಿದರು, ಬೂದ ಹೇಗಿದ್ದಾನೆ ಅಂತ. ಆ ಹೆಸರನ್ನು ಅವರಿಗೆ ಯೋಂದೋನ್ ಹೇಳಿಕೊಟ್ಟಿದ್ದನಂತೆ, ದಾರಿಯಲ್ಲಿ, ಪುರೆವ್‌ನ ಕಥೆ ಹೇಳುತ್ತಾ. ಒಳ್ಳೆಯ ಕಥೆಗಾರ ಅವನು, ಅಂದರು ದುಲ್ಮಾಳ ಮೂಲಕ. ಹೌದು ಅಂದೆ. ಪುರೆವ್‌ನ ವಿಷಯ ಹೇಳುವಾಗ ಅವನ ಕಣ್ಣು ತುಂಬುತ್ತದೆ. ಅದೂ ಸುಳ್ಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅಕ್ಟೋಬರ್ ೧೧

ಅವನ ಪರವಾನಗಿ ಹೋಗಿದೆ. ಮೊಕದ್ದಮೆ ನಡೆಯುತ್ತದೆ. ಇವತ್ತು ತನ್ನ ಪಾಲಿನ ಗಾಡಿಗಳನ್ನು ಒಯ್ಯಲು ಬಂದಿದ್ದ. ಹಿಮ ಬೀಳುತ್ತಿತ್ತು. ಕೆಂದನನ್ನೂ ಕರಿಯನನ್ನೂ ಲಾರಿಗೆ ಹತ್ತಿಸಿದ. ಕೊಡುವ ಮೊದಲು ಎರಡಕ್ಕೂ ಎಣ್ಣೆ ಬದಲಾಯಿಸಿ, ಚೈನು ತಿಕ್ಕಿ, ಬ್ಯಾಟರಿ ಬಿಚ್ಚಿ ಪಕ್ಕದಲ್ಲಿಟ್ಟಿದ್ದೆ. ಚಳಿಗಾಲಕ್ಕೆ ಹಾಗೇ ಕೊಡಲಾಗುವುದಿಲ್ಲ. ಅವನು ಅದನ್ನು ಗಮನಿಸಿದ. "ಯಾಕಕ್ಕ ಇದೆಲ್ಲಾ" ಅಂದ. ಗಾಡಿಗಳೇನು ಮಾಡಿದವು ಅಂದೆ.

ಅವನು ಕೊನೆಯ ಪೆಟ್ಟಿಗೆ ತೆಗೆದುಕೊಳ್ಳಲು ಕಂಟೇನರಿನೊಳಗೆ ಬಂದ. ನಾನು ಹೊರಗೆ ಹೋಗುತ್ತಿದ್ದೆ. ಬಾಗಿಲು ಕಿರಿದು, ಅವನ ಬೂಟು ನನ್ನ ಕಾಲನ್ನು ತುಳಿಯಿತು. ತುಳಿದವನು ತಕ್ಷಣ ಕೈ ಚಾಚಿದ. ಯೋಚಿಸಿ ಚಾಚಿದ್ದಲ್ಲ. ಕಾಲಿಗೆ ಕಾಲು ತಾಗಿದರೆ ಕೈ ಕುಲುಕಬೇಕು, ಇಲ್ಲದಿದ್ದರೆ ಹಗೆ ಉಳಿಯುತ್ತದೆ ಅಂತ ನಮ್ಮೆಲ್ಲರಿಗೂ ನಡೆಯಲು ಕಲಿಯುವ ಮೊದಲೇ ಕಲಿಸಿರುತ್ತಾರೆ. ಬಸ್ಸಿನಲ್ಲಿ ಮುಖ ಪರಿಚಯವಿಲ್ಲದವರಿಗೂ ಕೊಡುತ್ತೇವೆ. ಚಾಚಿದ ಮೇಲೆ ಅದು ನನ್ನ ಕಡೆಗೆ ಚಾಚಿದ ಕೈ ಎಂದು ಅವನಿಗೆ ಹೊಳೆಯಿತು. ಹಿಂದೆಗೆಯಲೂ ಆಗದೆ, ಹಾಗೇ ಹಿಡಿದು ನಿಂತ.

"ಅಕ್ಕ" ಅಂದ. ಮುಂದೆ ಏನೋ ಹೇಳಲಿಕ್ಕಿತ್ತು ಅನ್ನಿಸುತ್ತದೆ.

ಕೈ ಕೊಟ್ಟೆ. ಅದು ಕಾಲು ತಾಗಿದ್ದಕ್ಕೆ.